ಚಪ್ಪಲಿ ಅಂಗಡಿಗೆ ಜಿಎಸ್‌ಟಿ ನೋಟೀಸು ಬಂದ ವಾರ

ತೆರಿಗೆ ಸಲಹೆಗಾರನ ಆಫೀಸಿಗೆ ಯಾರೂ ನಗುವುದಕ್ಕೆ ಅಂತ ಬರುವುದಿಲ್ಲ. ಆದರೂ ಬಂದವರಲ್ಲಿ ಅರ್ಧಕ್ಕರ್ಧ ಜನ ನನ್ನನ್ನು ನಗಿಸಿಯೇ ಹೋಗುತ್ತಾರೆ. ಅವರು ಮಾತ್ರ ಮುಖ ಗಂಟು ಹಾಕಿಕೊಂಡೇ ಬಂದು, ಗಂಟು ಹಾಕಿಕೊಂಡೇ ಮೆಟ್ಟಿಲು ಇಳಿಯುತ್ತಾರೆ.

ನಾಗಮಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ಮೊದಲನೇ ಮಹಡಿಯಲ್ಲಿ ನನ್ನ ಆಫೀಸು. ಒಂದು ಕಂಪ್ಯೂಟರು, ಆಗಾಗ ಮುನಿಸಿಕೊಳ್ಳುವ ಒಂದು ಪ್ರಿಂಟರು, ಬಂದವರಿಗೆ ಕೂರಲು ಒಂದು ಉದ್ದನೆಯ ಬೆಂಚು. ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ನಾನೇನೋ ಮಹಾ ಬುದ್ಧಿವಂತ ಅಂತಲ್ಲ. ಫೀಸು ಕೇಳುವುದಕ್ಕೆ ನನಗೆ ನಾಚಿಕೆ ಅನ್ನುವ ಸುದ್ದಿ ನಾಲ್ಕೂ ತಾಲ್ಲೂಕಿಗೆ ಹಬ್ಬಿಬಿಟ್ಟಿದೆ.

ಹಿಂದೆ ತೆರಿಗೆ ಅನ್ನುವುದು ಸಾಮಾನಿನ ಬೆಲೆಯೊಳಗೆ ಎಲ್ಲೋ ಅಡಗಿ ಕೂತಿರುತ್ತಿತ್ತು. ಕೊಳ್ಳುವವನಿಗೆ ಕಾಣುತ್ತಿರಲಿಲ್ಲ, ಮಾರುವವನು ಕಂಡರೂ ಕಾಣದ ಹಾಗೆ ಇರುತ್ತಿದ್ದ. ಜಿಎಸ್‌ಟಿ ಬಂದು ಹತ್ತಾರು ತೆರಿಗೆಗಳನ್ನು ಸೇರಿಸಿ ಒಂದು ಮಾಡಿತು. ಅಲ್ಲಿಂದ ಈಚೆಗೆ ಎಲ್ಲರಿಗೂ ಅದು ಕಾಣುತ್ತದೆ, ಯಾರಿಗೂ ಅರ್ಥವಾಗುವುದಿಲ್ಲ. ನನ್ನ ಹೊಟ್ಟೆಪಾಡು ನಡೆಯುತ್ತಿರುವುದು ಈ ಎರಡರ ನಡುವೆ.

ನನ್ನ ಆಫೀಸಿನ ಕೆಳಗೇ ಒಂದು ಚಪ್ಪಲಿ ಅಂಗಡಿ ಇದೆ. ಅದರ ಮಾಲೀಕರನ್ನು ಪೇಟೆಯಲ್ಲೆಲ್ಲ ಗೌಡ್ರು ಅಂತಲೇ ಕರೆಯುತ್ತಾರೆ. ಬಿಂಡಿಗನವಿಲೆ ಕಡೆಯವರು. ಊರಲ್ಲಿ ಒಂದಿಷ್ಟು ಹೊಲ, ಇಲ್ಲಿ ಈ ಅಂಗಡಿ. ಒಂದು ಮಂಗಳವಾರ ಮಧ್ಯಾಹ್ನ ಬಂದು ಒಂದು ನೋಟೀಸನ್ನು ನನ್ನ ಮೇಜಿನ ಮೇಲಿಟ್ಟು, ಬೆಂಚಿನ ಮೇಲೆ ಕುಸಿದು ಕೂತರು.

ವರ್ಷಕ್ಕೆ ನಲವತ್ತು ಲಕ್ಷದ ಒಳಗೆ ಸಾಮಾನು ಮಾರುವ ಅಂಗಡಿಯವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಗೌಡರೂ ಮಾಡಿಸಿರಲಿಲ್ಲ. ‘ನಿಮ್ಮ ಅಂಗಡಿಯ ಕ್ಯೂಆರ್ ಕೋಡಿಗೆ ಬಂದ ಹಣ ನಲವತ್ತು ಲಕ್ಷ ದಾಟಿದೆ. ತೆರಿಗೆ, ಬಡ್ಡಿ, ದಂಡ ಯಾಕೆ ಹಾಕಬಾರದು, ಸೋಮವಾರ ಬಂದು ಹೇಳಿ’ ಎಂದು ನೋಟೀಸಿನಲ್ಲಿತ್ತು.

“ನಲವತ್ತು ಲಕ್ಸದ ಯಾಪಾರ ಮಾಡಿದ್ರೆ ನಾನ್ಯಾಕ್ ಸಾ ಇನ್ನೂ ಊರಿಗೆ ಬಸ್ಸಲ್ಲಿ ನಿಂತ್ಕಂಡು ಓಯ್ತಿದ್ದೆ?” ಅಂದರು ಗೌಡರು. “ಇಸ್ಕೂಲು ಸುರುವಾಗೋಕೆ ಮುಂಚೆ ಮಕ್ಕಳ ಬೂಟು ತರ್ಸೋಕೆ ಅಂತ ಒಂದಷ್ಟು ದುಡ್ಡು ಮಡಗಿವ್ನಿ. ಅದ ಇವ್ರು ತಕ್ಕೊಂಡ್ರೆ ಆಯ್ತು, ಸೆಟ್ರು ಎಳ್ದು ಬೀಗ ಹಾಕ್ಕೊಂಡು ಊರಿಗೆ ಓಗೋದೇಯ.”

ಬ್ಯಾಂಕಿನಿಂದ ಇಡೀ ವರ್ಷದ ವಿವರ ಬರಬೇಕಿತ್ತು. ಅದು ಸಿಗುವುದು ಶನಿವಾರ ಅಂದರು. ಅಲ್ಲಿಯವರೆಗೆ ಗೌಡರು ದಿನಾ ಮಧ್ಯಾಹ್ನ ಊಟ ಬಿಟ್ಟು ನನ್ನ ಬೆಂಚಿನ ಮೇಲೆ ಕೂತು ಗೋಡೆ ನೋಡತೊಡಗಿದರು. ಎದುರಿಗೆ ಹಾಗೆ ಒಬ್ಬರು ಕೂತಿದ್ದರೆ ನನಗೂ ಡಬ್ಬಿಯ ಅನ್ನ ಇಳಿಯುವುದಿಲ್ಲ. ಅವರ ಬಾಯಿಗೆ ಒಂದು ತುತ್ತು ಹೋಗಲಿ ಅಂತ ನನ್ನ ಕಕ್ಷಿದಾರರ ಕತೆಗಳನ್ನು ಬಿಚ್ಚಿದೆ.

೧. ಅಪ್ಪನ ಕಾವಲು

ಪಾಂಡವಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಒಬ್ಬನಿದ್ದಾನೆ. ಪ್ರತಿ ತಿಂಗಳ ಇಪ್ಪತ್ತನೇ ತಾರೀಕಿನೊಳಗೆ ರಿಟರ್ನ್ ಹಾಕಬೇಕು, ದಾಟಿದರೆ ದಿನಕ್ಕಿಷ್ಟು ಅಂತ ದಂಡ. ಈ ಮಹಾಶಯ ಇಪ್ಪತ್ತನೇ ತಾರೀಕು ಸಂಜೆಯೇ ಬರುವವನು. ಎಲ್ಲ ತುಂಬಿ ಆದ ಮೇಲೆ ಫೋನಿಗೆ ಒಂದು ಓಟಿಪಿ ಬರುತ್ತದೆ. ಅದನ್ನು ಹೊಡೆದರೆ ಮಾತ್ರ ಕೆಲಸ ಮುಗಿಯುವುದು. ಅಂಗಡಿ ಅಪ್ಪನ ಹೆಸರಿನಲ್ಲಿರುವುದರಿಂದ ಓಟಿಪಿ ಹೋಗುವುದು ಅಪ್ಪನ ಫೋನಿಗೆ. ಅಪ್ಪ ಅವತ್ತು ಸಿಂಧಘಟ್ಟದ ನೆಂಟರ ಮನೆಯಲ್ಲಿದ್ದರು. ಮಗ ಸ್ಪೀಕರ್ ಹಾಕಿ ಫೋನು ಮಾಡಿದ.

“ಅಪ್ಪೋ, ನಿನ್ ಫೋನ್ಗೆ ಒಂದು ನಂಬರ್ ಬಂದದೆ, ವಸಿ ಓದು.”

“ಯಾರು ಮಾತಾಡ್ತಿರೋದು?”

“ನಾನು ಕಣಪ್ಪ, ನಿನ್ ಮಗ.”

“ಮಗ ಅಂತ್ಲೇ ಏಳ್ಕಂಡು ಫೋನ್ ಮಾಡ್ತಾರಂತೆ. ಮೊನ್ನೆ ಆಲಿನ ಡೈರಿಗೆ ಬ್ಯಾಂಕಿನೋರು ಬಂದು ಏಳ್ಬುಟ್ಟು ಓದ್ರು. ನಂಬರ್ ಕೇಳ್ದೋನೇ ಕಳ್ಳ ಅಂತ.”

“ಫೋನಲ್ಲಿ ನನ್ ಎಸ್ರು ಬಂದಿಲ್ವಾ?”

“ಎಸ್ರೂ ಕದೀತಾರಂತೆ, ದನಿನೂ ಕದೀತಾರಂತೆ. ಬ್ಯಾರೆ ಏನಾರ ಏಳು.”

ಓಟಿಪಿಯ ಅವಧಿ ಮುಗಿಯಿತು. ಎರಡನೆಯದು ತರಿಸಿದೆ. ಮಗ ಬೈದ, ಬೇಡಿದ, ಸತ್ತುಹೋದ ಅಜ್ಜಿಯ ಮೇಲೆ ಆಣೆ ಇಟ್ಟ. ಅಜ್ಜಿಯ ಹೆಸರು ಕಳ್ಳನಿಗೂ ಗೊತ್ತಿರುತ್ತದೆ ಅಂದರು ಅಪ್ಪ. ಕೊನೆಗೆ ಅವರಿಗೇ ಒಂದು ಉಪಾಯ ಹೊಳೆಯಿತು.

“ಸರಿ, ಒಂದು ಕೇಳ್ತೀನಿ, ಏಳು. ನಮ್ಮನೆ ಸೀಮೆಹಸ ಈಗ ಎಷ್ಟು ತಿಂಗ್ಳು ಗಬ್ಬ?”

ಮಗ ಗಾಬರಿಯಾಗಿ ನನ್ನ ಮುಖ ನೋಡಿದ. ಅವರ ಹಸುವಿನ ವಿಚಾರ ನನಗೆ ಹೇಗೆ ಗೊತ್ತಿರಬೇಕು? ಕೊನೆಗೆ ತಲೆ ತಗ್ಗಿಸಿ ಹೇಳಿದ: “ಗೊತ್ತಿಲ್ಲ ಕಣಪ್ಪ.”

ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು ಬಂತು.

“ಅಂಗಾರೆ ನೀನೇ ಕಣ್ಲಾ. ಕಳ್ಳ ಆಗಿದ್ರೆ ಅಷ್ಟನ್ನಾದ್ರೂ ತಿಳ್ಕಂಡು ಬಂದಿರೋನು. ಬರ್ಕೋ!”

೨. ಅರ್ಹರಲ್ಲ

ಮೊದಲನೇ ಕತೆಗೆ ಗೌಡರು ನಗಲಿಲ್ಲ. “ನಮ್ಮಪ್ಪನೂ ಅಂಗೇಯ” ಅಂದರು ಅಷ್ಟೆ. ಆದರೆ ಡಬ್ಬಿಯ ಕಡೆ ಒಂದು ಸಲ ನೋಡಿದರು. ಅಷ್ಟೇ ಧೈರ್ಯ ಸಾಕಾಗಿ ಎರಡನೆಯದನ್ನು ಶುರುಮಾಡಿದೆ.

ಶ್ರೀರಂಗಪಟ್ಟಣದಲ್ಲಿ ಒಬ್ಬ ಹೆಂಗಸು ಮುದ್ದೆ, ನಾಟಿಕೋಳಿ ಸಾರಿನ ಹೋಟೆಲು ಇಟ್ಟಿದ್ದಾರೆ. ಸಣ್ಣ ವ್ಯಾಪಾರದವರಿಗೆ ಒಂದು ಸುಲಭದ ದಾರಿ ಇದೆ. ಗಿರಾಕಿಯಿಂದ ತೆರಿಗೆ ಕೇಳಬಾರದು, ಒಟ್ಟು ವ್ಯಾಪಾರದ ಮೇಲೆ ನೂರಕ್ಕೆ ಐದರಂತೆ ತಾವೇ ಕೈಯಿಂದ ಕಟ್ಟಿಬಿಡಬೇಕು. ಲೆಕ್ಕ ಬರೆಯುವ ಕಷ್ಟ ಕಡಿಮೆ ಅಂತ ನಾನೇ ಅವರನ್ನು ಅದಕ್ಕೆ ಸೇರಿಸಿದೆ. ಅದಕ್ಕೊಂದು ನಿಯಮ. ‘ತೆರಿಗೆ ಸಂಗ್ರಹಿಸಲು ಅರ್ಹರಲ್ಲ’ ಅಂತ ಬಿಲ್ಲಿನ ಮೇಲೆ ಬರೆದಿರಬೇಕು. ಆಯಮ್ಮ ಬಹಳ ಶಿಸ್ತಿನವರು. ಬಿಲ್ಲಿನ ಮೇಲೆ ಅಷ್ಟೇ ಯಾಕೆ ಅಂತ ಬಾಗಿಲ ಮೇಲೂ ದೊಡ್ಡ ಅಕ್ಷರದಲ್ಲಿ ಬರೆಸಿದರು: ‘ಈ ಹೋಟೆಲಿನವರು ತೆರಿಗೆ ಸಂಗ್ರಹಿಸಲು ಅರ್ಹರಲ್ಲ’.

ಹದಿನೈದು ದಿನಕ್ಕೆ ನನ್ನ ಆಫೀಸಿಗೆ ಬಂದವರೇ ಜಗಳಕ್ಕೆ ನಿಂತರು.

“ಏನ್ ಬರ್ಸ್‌ಬುಟ್ರಿ ನೀವು? ಬಂದೋರೆಲ್ಲ ಬೋರ್ಡ್ ಓದ್ಬುಟ್ಟು ನನ್ ಮಕ ನೋಡ್ತಾವ್ರೆ. ಏನ್ ತಪ್ಪು ಮಾಡುದ್ರಿ, ಯಾರ್ ಇಡುದ್ರು ಅಂತ ಕೇಳ್ತಾವ್ರೆ. ಎದುರುಗಡೆ ಎಸಿ ಓಟ್ಲಿನೋನು ಅಂತೂ, ‘ನಾವು ಅರ್ಹರು, ನಮ್ತಾವ ಬನ್ನಿ’ ಅಂತ ಕರೀತಾವ್ನೆ!”

ಬೋರ್ಡು ತೆಗೆಸಿ, ಬಿಲ್ಲಿನ ಮೇಲೆ ಇದ್ದರೆ ಸಾಕು ಅಂದೆ. ಒಪ್ಪಲಿಲ್ಲ. ಬರೆಸಿದ ದುಡ್ಡು ದಂಡವಾಗುತ್ತದಲ್ಲ! ಅರ್ಹರಲ್ಲ ಅಂದರೆ ಅವಮಾನವಲ್ಲ, ಗಿರಾಕಿಗೆ ತೆರಿಗೆಯ ಹೊರೆ ಇಲ್ಲ ಅಂತ ಅರ್ಥ, ಎದುರಿನವರು ಬಿಲ್ಲಿನ ಮೇಲೆ ಐದು ಪರ್ಸೆಂಟು ಸೇರಿಸಿ ವಸೂಲಿ ಮಾಡುತ್ತಾರೆ ಅಂತ ಬಿಡಿಸಿ ಹೇಳಿದೆ. ಆಯಮ್ಮನ ಮುಖ ಅರಳಿತು. ಆಗಲೇ ಎದ್ದು ಹೋದರು.

ಮುಂದಿನ ತಿಂಗಳು ನಾನೇ ಆ ದಾರಿಯಲ್ಲಿ ಹೋದಾಗ ನೋಡಿದೆ. ಹಳೇ ಬೋರ್ಡು ಹಾಗೇ ಇತ್ತು. ಅದರ ಕೆಳಗೆ ಹೊಸ ಸಾಲು, ಜೊತೆಗೆ ರಸ್ತೆಯ ಆ ಕಡೆಗೆ ತೋರಿಸುವ ಒಂದು ಕೆಂಪು ಬಾಣ: ‘ಎದುರಿನವರು ಅರ್ಹರು. ನೂರಕ್ಕೆ ಐದು ರೂಪಾಯಿ ಜಾಸ್ತಿ ಕೊಡಬೇಕೆಂಬ ಆಸೆ ಇದ್ದವರು ಅಲ್ಲಿಗೆ ಹೋಗಬಹುದು’.

೩. ಅಜ್ಜಿಯ ಬೇಡಿಕೆ

ಇದಕ್ಕೆ ಗೌಡರು ನಕ್ಕರು. ನಕ್ಕ ಮರುಕ್ಷಣವೇ, ನಗುವುದಕ್ಕೂ ಎಲ್ಲಿ ದಂಡ ಬೀಳುತ್ತದೋ ಅನ್ನುವಂತೆ ಬಾಯಿ ಮುಚ್ಚಿಕೊಂಡರು.

ಸರ್ಕಾರ ಜಿಎಸ್‌ಟಿ ದರ ಇಳಿಸಿದ ಹೊಸದರಲ್ಲಿ ಕೆ.ಆರ್. ಪೇಟೆಯ ಒಬ್ಬ ದಿನಸಿ ಅಂಗಡಿಯವರನ್ನು ನೋಡಲು ಹೋಗಿದ್ದೆ. ಸೋಪು, ಪೇಸ್ಟು, ಬಿಸ್ಕತ್ತು, ಎಲ್ಲದರ ತೆರಿಗೆಯೂ ಇಳಿದಿತ್ತು. ಆದರೆ ಅವರ ಅಂಗಡಿಯ ತುಂಬ ಹಳೇ ದರದಲ್ಲಿ ದುಡ್ಡು ಸುರಿದು ತಂದ ಮಾಲು. ಕಟ್ಟಿದ್ದು ಜಾಸ್ತಿ ತೆರಿಗೆ, ಮಾರಬೇಕಾದ್ದು ಕಡಿಮೆ ತೆರಿಗೆಗೆ. ಮಧ್ಯದ ಹಣ ಲೆಕ್ಕದಲ್ಲಿ ಜಮಾ ಇರುತ್ತದೆ, ಎಲ್ಲೂ ಹೋಗುವುದಿಲ್ಲ ಅಂತ ನಾನು ಸಮಾಧಾನ ಹೇಳುತ್ತಿದ್ದೆ. “ಲೆಕ್ಕದಲ್ಲಿರೋ ದುಡ್ಡ ಡೀಲರ್‌ಗೆ ಕೊಡೋಕಾಯ್ತದಾ?” ಅಂತ ಅವರು ಕೇಳುತ್ತಿದ್ದರು. ಅಷ್ಟು ಹೊತ್ತಿಗೆ ಒಬ್ಬ ಅಜ್ಜಿ ಚೀಲ ಹಿಡಿದು ಬಂತು.

“ಐದು ಸೇರು ರಾಗಿ ಆಕಪ್ಪ. ಎಷ್ಟು ಕಮ್ಮಿಯಾಗದೆ?”

“ರಾಗಿಗೆ ಕಮ್ಮಿಯಾಗಿಲ್ಲ ಕಣಜ್ಜಿ, ಅದೇ ರೇಟು.”

“ಅದೆಂಗೆ? ಡೆಲ್ಲಿಯೋರೇ ಕಮ್ಮಿ ಮಾಡವ್ರೆ, ಟೀವೀಲಿ ಬತ್ತಾ ಅದೆ. ನೀನ್ಯಾವೋನು ಮಾಡ್ದಿರೋಕೆ?”

“ಅಜ್ಜಿ, ಟ್ಯಾಕ್ಸ್ ಇದ್ದದ್ದಕ್ಕೆ ತಾನೇ ಕಮ್ಮಿ ಮಾಡೋದು? ರಾಗಿಗೆ ಮೊದ್ಲಿಂದ್ಲೂ ಟ್ಯಾಕ್ಸೇ ಇಲ್ಲ. ಇಲ್ದೇ ಇರೋದ ಎಲ್ಲಿಂದ ಕಮ್ಮಿ ಮಾಡ್ಲಿ?”

ಅಜ್ಜಿ ಅನುಮಾನದಿಂದ ನನ್ನ ಕಡೆ ತಿರುಗಿತು. ಹೌದಜ್ಜಿ, ಅವರು ಹೇಳುವುದು ನಿಜ ಅಂದೆ. ಪ್ಯಾಂಟು ಹಾಕಿದವನ ಮಾತನ್ನು ತೆಗೆದುಹಾಕಲಾರದೆ ಅಜ್ಜಿ ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡಿತು.

“ಅಂಗಾರೆ ಮೊದ್ಲು ರಾಗಿಗೂ ಟ್ಯಾಕ್ಸ್ ಆಕ್ಸು. ಆಮೇಕೆ ಕಮ್ಮಿ ಮಾಡು. ಮುಂದಿನ್ ವಾರ ಬತ್ತೀನಿ.”

೪. ಟೀವಿಯ ಲೆಕ್ಕ

ಇದು ಅದೇ ವಾರ, ಶುಕ್ರವಾರ ನಡೆದದ್ದು. ಗೌಡರು ಬೆಂಚಿನ ಮೇಲೆಯೇ ಇದ್ದರು. ನಮ್ಮ ಬೀದಿಯ ಸೀರೆ ಅಂಗಡಿಯ ಅಕ್ಕ ಬಿಲ್ಲುಗಳ ಕಟ್ಟು ತಂದರು. ವ್ಯಾಪಾರಕ್ಕೆ ಅಂತ ಕೊಂಡ ಸಾಮಾನಿನ ಮೇಲೆ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳಬಹುದು. ಇದು ಗೊತ್ತಾದಾಗಿನಿಂದ ಜನ ಮನೆಯ ಒಗ್ಗರಣೆ ಸೌಟಿನ ಬಿಲ್ಲನ್ನೂ ತರುತ್ತಾರೆ. ಕಟ್ಟಿನಲ್ಲಿ ಒಂದು ದೊಡ್ಡ ಟೀವಿಯ ಬಿಲ್ಲಿತ್ತು.

“ಅಕ್ಕ, ಟೀವಿ ಎಲ್ಲಿದೆ? ಅಂಗಡೀಲೋ, ಮನೇಲೋ?”

“ಮನೇಲಿ ಸಾ.”

“ಹಾಗಾದರೆ ಕಳೆಯೋಕೆ ಬರಲ್ಲ. ವ್ಯಾಪಾರಕ್ಕೆ ಉಪಯೋಗ ಆಗಬೇಕು.”

“ಯಾಪಾರಕ್ಕೇ ಸಾ ತಂದಿರೋದು! ಅದು ಇರೋದಕ್ಕೆ ನಮ್ಮೆಜಮಾನ್ರು ಬೆಳಿಗ್ಗೆಯಿಂದ ಸಂಜೆಗಂಟ ಮನೇಲಿ ಕ್ರಿಕೆಟ್ ನೋಡ್ಕಂಡು ಕೂತಿರೋದು. ಇಲ್ದಿದ್ರೆ ಅಂಗ್ಡಿಗೆ ಬಂದು ಗಲ್ಲಾ ಮೇಲೆ ಕೂತು, ಸ್ನೇಹಿತ್ರು ಮನೆಯೋರಿಗೆಲ್ಲ ಒಂದೊಂದು ಸೀರೆ ಸಾಲ ಬರ್ಸ್‌ತಾರೆ. ಆ ಟೀವಿ ಬಂದ್ಮೇಲೆ ಸಾ ಅಂಗ್ಡಿ ಲಾಭಕ್ಕೆ ಬಂದಿರೋದು.”

ಇದಕ್ಕೆ ಕಾಯ್ದೆಯಲ್ಲಿ ಜಾಗ ಇಲ್ಲ, ಬಿಲ್ಲು ವಾಪಸ್ ಕೊಟ್ಟೆ. ಗೌಡರು ಮಾತ್ರ ಆ ವಾರ ಮೊದಲ ಸಲ ತಾವಾಗಿಯೇ ಒಂದು ಪ್ರಶ್ನೆ ಕೇಳಿದರು: “ಅದು ಯಾವ್ ಕಂಪ್ನಿ ಟೀವಿ ತಾಯಿ? ನಮ್ ತಮ್ಮಂಗೂ ಒಂದು ಬೇಕಿತ್ತು.”

೫. ಐನೂರ ಒಂದು

ಶನಿವಾರ ಬ್ಯಾಂಕಿನ ವಿವರ ಬಂತು. ಗೌಡರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಟ ತಿರುಗಿಸಿದೆ. ದಿನಕ್ಕೆ ಒಂದು ಪುಟವೂ ತುಂಬದ ಅಂಗಡಿ. ಆದರೆ ಒಂದು ಭಾನುವಾರ ಮಾತ್ರ ಪುಟದ ಮೇಲೆ ಪುಟ ಸಾಲುಗಳು.

“ಗೌಡ್ರೆ, ಈ ಭಾನುವಾರ ಊರಿಗೇ ಚಪ್ಪಲಿ ಹಾಕಿಸಿದ್ರಾ?”

ತಾರೀಕು ನೋಡಿ ಗೌಡರು ಹಣೆ ಹಣೆ ಚಚ್ಚಿಕೊಂಡರು. ಅವತ್ತು ಅವರ ಮಗಳ ಬೀಗರೂಟ. ಮದುವೆ ಆದ ಮೇಲೆ ಊರವರಿಗೂ ನೆಂಟರಿಗೂ ಬಾಡೂಟ ಹಾಕುವುದು, ಬಂದವರು ಉಂಡು ಮುಯ್ಯಿ ಅಂತ ದುಡ್ಡಿನ ಉಡುಗೊರೆ ಕೊಡುವುದು ನಮ್ಮ ಕಡೆ ನಡೆದು ಬಂದದ್ದು.

“ಈಗ ಕವರಲ್ಲಿ ದುಡ್ಡು ತರೋರು ಯಾರ್ ಸಾ? ಎಲ್ಲಾ ಫೋನೇಯ. ನನ್ತಾವ ಇದ್ದದ್ದು ಅದೊಂದೇ ಕ್ಯೂಆರು. ಅಂಗ್ಡಿದ ಕಿತ್ಕಂಡೋಗಿ ಚಪ್ರದ ಕಂಬಕ್ಕೆ ಕಟ್ಟ್‌ದೆ. ಎಷ್ಟು ಬಂತು ಅಂತ ಕೂಗೋ ಡಬ್ಬನೂ ಜೊತೇಲಿ ಮಡುಗ್ದೆ.”

“ಡಬ್ಬ ಯಾಕೆ?”

“ಅದಿಲ್ದಿದ್ರೆ ಬಂತೋ ಇಲ್ವೋ ಎಂಗೆ ಗೊತ್ತಾಗದು? ಅದು ಜೋರಾಗಿ ಕೂಗೋದ ಕೇಳ್ಬುಟ್ಟು, ಇನ್ನೂರ ಒಂದು ಆಕೋಕೆ ಅಂತ ಬಂದಿದ್ದೋರೆಲ್ಲ ಮರ್ಯಾದೆಗೆ ಅಂಜ್ಕಂಡು ಐನೂರ ಒಂದು ಆಕುದ್ರಂತೆ ಸಾ. ನಾನು ಬಾಡು ಬಡಿಸೋ ತಾವ ನಿಂತಿದ್ದೆ. ಯಾರ್ ಎಷ್ಟು ಆಕುದ್ರು ಅಂತ ಇವತ್ತಿನವರ್ಗೂ ನೋಡಿಲ್ಲ.”

ಆ ಒಂದು ದಿನದ ದುಡ್ಡನ್ನು ತೆಗೆದುಬಿಟ್ಟರೆ ಇಡೀ ವರ್ಷದ ಲೆಕ್ಕ ನಲವತ್ತು ಲಕ್ಷದ ಒಳಗೆ ಬಂದು ಕೂರುತ್ತಿತ್ತು. ಡಬ್ಬ ಬಾಯಿ ಮುಚ್ಚಿಕೊಂಡಿದ್ದಿದ್ದರೆ ನೋಟೀಸೇ ಬರುತ್ತಿರಲಿಲ್ಲವೇನೋ. ನನಗೆ ಜೀವ ಬಂತು. ಆದರೆ ಇದನ್ನು ಮೇಲಿನವರು ನಂಬಬೇಕಲ್ಲ.

ಸೋಮವಾರ ಇಬ್ಬರೂ ತೆರಿಗೆ ಕಚೇರಿಗೆ ಹೋದೆವು. ಗೌಡರು ಮದುವೆಗೆ ಹೊಲಿಸಿದ್ದ ಬಿಳಿ ಷರ್ಟು ಹಾಕಿಕೊಂಡು, ಲಗ್ನಪತ್ರಿಕೆ, ಫೋಟೋ ಆಲ್ಬಮ್ಮು ಎರಡನ್ನೂ ಎದೆಗೆ ಅವುಚಿಕೊಂಡಿದ್ದರು. ದಾರಿಯುದ್ದಕ್ಕೂ ಒಂದೇ ಮಾತು: “ಬೂಟಿನ ದುಡ್ಡು ಉಳ್ಕಂಡ್ರೆ ಸಾಕು ಸಾ.” ಅಧಿಕಾರಿ ಒಬ್ಬರು ಮೇಡಂ, ಉತ್ತರ ಕರ್ನಾಟಕದ ಕಡೆಯವರು. ಸಿಟ್ಟಿನವರಲ್ಲ, ಆದರೆ ಸುಮ್ಮನೆ ತಲೆ ಆಡಿಸುವವರೂ ಅಲ್ಲ. ಪತ್ರಿಕೆ ನೋಡಿದರು, ಆಲ್ಬಮ್ಮನ್ನು ಪುಟಪುಟವಾಗಿ ತಿರುವಿದರು.

“ಮಂದಿ ಉಂಡಾರ ಅಂತ ಫೋಟೋದಾಗ ಗೊತ್ತಾಗ್ತದ. ರೊಕ್ಕ ಕೊಟ್ಟಾರ ಅಂತ ಹ್ಯಾಂಗ್ ಗೊತ್ತಾಗಬೇಕ್ರಿ? ಕೋಡ್ ಅಂಗಡೀದು, ಖಾತೆ ಅಂಗಡೀದು. ಇದು ಚಪ್ಪಲಿ ಮಾರಿದ ರೊಕ್ಕ ಅಲ್ಲ ಅನ್ನೂದಕ್ಕ ಏನ್ ಸಾಕ್ಷಿ? ಇಲ್ನೋಡ್ರಿ, ಐನೂರಾ ಒಂದಕ್ಕ ಒಂದು ಜೋಡು ಮಾರೀರಿ. ಇದೂ ಐನೂರಾ ಒಂದು. ಇದು ಸಾವಿರದಾ ಒಂದು.”

ನಾನು ಏನೋ ಕಾನೂನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗೌಡರು ಎದ್ದು ನಿಂತುಬಿಟ್ಟಿದ್ದರು. ಅವರಿಗೆ ತೆರಿಗೆಯ ಭಯ ಹೋಗಿ ಅವಮಾನವಾಗಿತ್ತು.

“ಮೇಡಮ್ಮೋರೆ, ಟ್ಯಾಕ್ಸ್ ಬೇಕಾದ್ರೆ ಆಕಿ, ಅಂಗನ್ನಬೇಡಿ! ಐನೂರ ಒಂದಕ್ಕೆ ಚಪ್ಲಿ ಮಾರೋಕೆ ನನಗೇನು ಯಾಪಾರ ಬರಲ್ವಾ? ಅಂಗಂತ ರೇಟ್ ಬರ್ದು ನೇತಾಕಿದ್ರೆ ನಾಯಿನೂ ಒಳಕ್ಕೆ ಬರಲ್ಲ. ನಾನೂರ ತೊಂಬತ್ತೊಂಬತ್ತು ಅಂತ ಆಕ್ಬೇಕು, ಆಗ ಬತ್ತಾರೆ. ಒಂದ್ರೂಪಾಯಿ ಸೇರ್ಸಿ ಕೊಡೋರು ನೆಂಟ್ರು ಮಾತ್ರ!”

ಮೇಡಂ ಕೈಯಲ್ಲಿದ್ದ ಪೆನ್ನು ನಿಂತಿತು. ವಿವರವನ್ನು ಮತ್ತೆ ಮೊದಲಿನಿಂದ ತಿರುವಿದರು. ವರ್ಷವೆಲ್ಲ ಇನ್ನೂರ ತೊಂಬತ್ತೊಂಬತ್ತು, ನಾನೂರ ತೊಂಬತ್ತೊಂಬತ್ತು, ಚೌಕಾಸಿ ಮಾಡಿದವರದು ನಾನೂರ ಐವತ್ತು. ಆ ಭಾನುವಾರ ಮಾತ್ರ ಮೇಲಿಂದ ಕೆಳಗಿನವರೆಗೆ ಎಲ್ಲದರ ಬಾಲದಲ್ಲೂ ಒಂದೊಂದು ರೂಪಾಯಿ. ಅವರು ತುಟಿ ಬಿಗಿಹಿಡಿದು ನೋಡಿದರು, ಹಿಡಿಯಲಾಗದೆ ನಕ್ಕುಬಿಟ್ಟರು.

“ಖರೇ ಬಿಡ್ರಿ. ನಮ್ಮ ಕಡೀನೂ ಲಗ್ನದಾಗ ಹಿಂಗ ಕೊಡ್ತಾರ. ಅಂಗಡ್ಯಾಂವ ಒಂದ್ ರೂಪಾಯಿ ಇಳಸ್ತಾನ, ಬೀಗ ಒಂದ್ ರೂಪಾಯಿ ಏರಸ್ತಾನ.”

ಕೆಂಪು ಪೆನ್ನು ತೆಗೆದುಕೊಂಡು ಒಂದೊಂದೇ ಮುಯ್ಯಿಯನ್ನು ಹೊಡೆದುಹಾಕುತ್ತಾ ಬಂದರು. ಗೌಡರ ಕಣ್ಣಲ್ಲಿ ನೀರು ಬಂತು. ಒಂದು ಅಂಗಡಿ ಉಳಿಯಿತಲ್ಲ! ಕೊನೆಯ ಪುಟಕ್ಕೆ ಬಂದಾಗ ಪೆನ್ನು ತಟಕ್ಕನೆ ನಿಂತಿತು.

“ಇಲ್ಲೊಂದು ಬರೇ ಐನೂರು ಅದ. ತೊಂಬತ್ತೊಂಬತ್ತೂ ಅಲ್ಲ, ಒಂದೂ ಅಲ್ಲ. ಇದು ಚಪ್ಪಲೀನೋ, ಮುಯ್ಯೀನೋ?”

ಗೌಡರು ಕಣ್ಣೊರೆಸಿಕೊಂಡು, ಬಗ್ಗಿ, ಪಕ್ಕದಲ್ಲಿದ್ದ ಹೆಸರನ್ನು ಓದಿದರು. ಇನ್ನೊಂದು ಸಲ ಓದಿದರು. ಅವರ ಮುಖ ಮೆಲ್ಲಗೆ ಕೆಂಪಗಾಯಿತು. ಅದು ಅವರ ಸ್ವಂತ ಭಾಮೈದ, ಮದುಮಗಳ ಸೋದರಮಾವ. ಅವತ್ತು ಪಂಕ್ತಿಯಲ್ಲಿ ಕೂತು, “ನಾನು ಐದು ಸಾವ್ರದ ಒಂದು ಆಕಿವ್ನಿ ಭಾವ” ಅಂತ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿ, ಗೌಡರ ಕೈಯಿಂದಲೇ ಮೂರು ಸಲ ಬಾಡು ಹಾಕಿಸಿಕೊಂಡವನು.

“ಮುಯ್ಯಿ ಅಂತ ಹೇಳಿ ಗೌಡ್ರೆ, ಮುಗಿದುಹೋಗುತ್ತೆ” ಅಂತ ಮೊಣಕೈಯಲ್ಲಿ ತಿವಿದೆ.

“ಸುಮ್ಕಿರಿ ಸಾ!” ಗೌಡರು ಮೇಡಂ ಕಡೆಗೆ ಕೈ ಮುಗಿದರು. “ಮೇಡಮ್ಮೋರೆ, ಇದು ಮುಯ್ಯಿ ಅಂತ ನಾನು ಒಪ್ಪಲ್ಲ. ಇದಕ್ಕೆ ಟ್ಯಾಕ್ಸ್ ಆಕಿ, ಬಡ್ಡಿ ಆಕಿ, ದಂಡನೂ ಆಕಿ. ನಾನೇ ಕಟ್ತೀನಿ. ನೋಟೀಸು ಮಾತ್ರ ಅವನ ಮನೆ ಅಡ್ರೆಸ್ಸಿಗೆ ಕಳ್ಸ್‌ಬುಡಿ, ಬರ್ಕಳಿ, ಏಳ್ತೀನಿ!”